ಹಸಿ ಮೆಂತ್ಯೆಯ ಮೇಲೆ ಹೊರಿಸಿದ ತಪ್ಪು

ಮಾತು ಮುಗಿಯುವ ಮೊದಲೇ ಎದ್ದುಹೋದ ನನ್ನ ಅಕ್ಕನಿಗೆ,

ನಾನು ಕಾಗವಾಡದಿಂದ ಕರೋಶಿಗೆ, ನಿನ್ನ ಗಂಡನ ಮನೆಗೆ, ಬಂದ ದಿನವೇ ನಿನ್ನ ಫೋನಿಗೆ ಆ ವಿಡಿಯೊ ಬಂದಿತ್ತು. ನಾವಿಬ್ಬರೂ ರೊಟ್ಟಿಯ ಜೊತೆ ಹಸಿ ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲ ಕಡಿಯುತ್ತ ಕೂತಿದ್ದೆವು. ಹಸಿ ಸೊಪ್ಪು ತಿಂದರೆ ತಲೆಯಲ್ಲಿ ಹುಳ ಆಗುತ್ತದೆಂದು ಬಿಳಿ ಕೋಟಿನವನೊಬ್ಬ ಹೆದರಿಸುತ್ತಿದ್ದ. "ನಮ್ಮ ಆಯಿ ಹುಟ್ಟಿದಾಗಿಂದ ಹಸೀದ ತಿಂದಾಳ. ಆಕಿ ತಲ್ಯಾಗ ಎಲ್ಲಿ ಹುಳ ಐತಿ?" ಎಂದು ನೀನು ನಕ್ಕೆ. ಹಿಂದಿನ ವಾರವಷ್ಟೇ ಮೊಸರನ್ನೂ ವಿಷ ಎಂದಿದ್ದ ಫೋನು ಅದು. ಯಾರು ನಂಬುತ್ತಾರೆ?

ದನದ ಕೊಟ್ಟಿಗೆಯಲ್ಲಿ ನಿನಗೆ ಮೊದಲ ಸಲ ಫಿಟ್ಸ್ ಬಂದಾಗ ಗಾಳಿ ಸೋಕಿದೆ ಎಂದರು. ಮಿದುಳಿನಲ್ಲಿ ಲಾಡಿಹುಳದ ಗಂಟುಗಳಿವೆ ಎಂದು ಮಿರಜಿನ ಡಾಕ್ಟರು ಸ್ಕ್ಯಾನ್ ತೋರಿಸಿದಾಗ ನೀನು ಕೇಳಿದ್ದು ಒಂದೇ: "ಮೆಂತೇದಿಂದ ಏನ್ರಿ?" ಅವರು ಗುಳಿಗೆ ಬರೆದುಕೊಟ್ಟರು. ಕಡಿಮೆಯಾಗುತ್ತಿದೆ ಎನ್ನುವಾಗಲೇ, ಬಟ್ಟೆ ಒಗೆಯಲು ಹೋದವಳು ಕಾಲುವೆಗೆ ಬಿದ್ದೆ, ಮೇಲೇಳಲಿಲ್ಲ. ಮತ್ತೆ ಫಿಟ್ಸ್ ಬಂದಿರಬೇಕು. ಜೊತೆಗೆ ಯಾರಾದರೂ ಇದ್ದಿದ್ದರೆ...

ನಿನ್ನ ಮಣ್ಣಿಗೆ ಬಂದವರೆಲ್ಲ ಮೆಂತ್ಯೆಯನ್ನೇ ಬೈದರು. ನಿನ್ನ ಅತ್ತೆ ಹಿತ್ತಲಿನ ಮೆಂತ್ಯೆ ಮಡಿಯನ್ನೆಲ್ಲ ಕಿತ್ತು ದನಕ್ಕೆ ಹಾಕಿದರು. ನನಗೆ ತಡೆಯಲಾಗದೆ ಮತ್ತೆ ಮಿರಜಿಗೆ ಹೋದೆ. ಸೊಪ್ಪು ತಾನಾಗಿ ಹುಳ ಹುಟ್ಟಿಸುವುದಿಲ್ಲ ಎಂದರು ಡಾಕ್ಟರು. ಹೊಟ್ಟೆಯಲ್ಲಿ ಆ ಹುಳ ಇರುವ ಮನುಷ್ಯನ ಮಲದಿಂದ ತತ್ತಿ ಹೊರಗೆ ಬರುತ್ತದಂತೆ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿಗೂ ಅದು ಹತ್ತಬಹುದು, ತೊಳೆಯದ ಕೈಗೂ ಹತ್ತಬಹುದು; ಅಲ್ಲಿಂದ ಬಾಯಿಗೆ ಹೋದರೆ ಮಿದುಳಿನವರೆಗೂ ಮುಟ್ಟಬಹುದಂತೆ. ಸೊಪ್ಪನ್ನು ಚೆನ್ನಾಗಿ ತೊಳೆಯಬೇಕು, ಬೇಯಿಸಿದರೆ ಇನ್ನೂ ಒಳ್ಳೆಯದು ಎಂದು ಹೇಳಿ, ಆಮೇಲೆ ಮೆಲ್ಲಗೆ ಕೇಳಿದರು: "ಮನ್ಯಾಗ ಉಳಿದವ್ರ ತಪಾಸಣಿ ಮಾಡಿಸೀರೇನ್ರಿ?"

ಅಕ್ಕಾ, ನೀನು ಕೇಳದೆ ಹೋದ ಸುದ್ದಿ ಇದು. ಹುಳ ಸಿಕ್ಕಿದ್ದು ನಿನ್ನ ಗಂಡನ ಹೊಟ್ಟೆಯಲ್ಲಿ. ಕಬ್ಬಿನ ಲಾರಿ ಹೊಡೆಯುವಾಗ ಎಲ್ಲೋ ತಿಂದ ಅರೆಬೆಂದ ಹಂದಿ ಮಾಂಸದಿಂದ ಬಂದಿರಬೇಕಂತೆ. ನಿನಗೆ ಅವರಿಂದಲೇ ಬಂತೆಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ನಿನ್ನ ಪ್ರಶ್ನೆಗೆ ಇನ್ನು ಯಾರು ಉತ್ತರ ಕೊಡಬೇಕು?

ಗುಳಿಗೆ ನುಂಗಿ ಅವರಿಗೆ ಪೂರ್ತಿ ವಾಸಿಯಾಗಿದೆ. ಈಗ ಭಯವಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ... ನಾನು ನಿನ್ನ ಮನೆಯಲ್ಲೇ ಉಳಿದಿದ್ದೇನೆ. ನಿನ್ನ ಮಗಳು ಗೀತಾ "ಅಪ್ಪಾ, ಒಂದ ತುತ್ತ ಉಣಸು" ಎಂದು ಬಾಯಿ ತೆರೆದು ಕೂತರೆ, ಅವರು ಕೈ ತೊಳೆಯಲು ಎದ್ದು ಹೋಗುತ್ತಾರೆ. ತೊಳೆಯುತ್ತಲೇ ಇರುತ್ತಾರೆ. ಕಾದು ಕಾದು ಮಗು ನನ್ನ ಕಡೆ ತಿರುಗುತ್ತದೆ.

ನಿನ್ನ ತಂಗಿ