ಹಾಲಿಳಿಯದ ಕೋಣೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಕ್ಷಮಿಸು ಎನ್ನುವ ಅಭ್ಯಾಸ ನನಗಿಲ್ಲ. ಆದರೂ ಈ ಸಲ ಅಂದುಬಿಡುತ್ತೇನೆ. ಹಗಲೆಲ್ಲ ಆಸ್ಪತ್ರೆಯಲ್ಲೇ ಕಳೆಯುತ್ತಿದೆ.

ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತೆಂದು ಮಗ ಫೋನಿನಲ್ಲಿ ಹೇಳಿದ್ದಾನಲ್ಲ. ಮಗು ಹೆಣ್ಣು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ. ಚೀಪುವ ಶಕ್ತಿ ಇನ್ನೂ ಬಂದಿಲ್ಲ. ತಾಯಿ ಹಾಲು ಹಿಂಡಿ ಕೊಟ್ಟರೆ ಮೂಗಿಗೆ ಹಾಕಿದ ನಳಿಕೆಯಿಂದ ಹೊಟ್ಟೆಗೆ ಬಿಡುತ್ತಾರೆ. ತಾಯಿಯ ಹಾಲೇ ಔಷಧಿ ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ. ಆ ತಾಯಿಗೆ ಕೂರಲು ಮಾತ್ರ ಒಂದು ಕುರ್ಚಿ ಇಲ್ಲ!

ಹಾಲು ಹಿಂಡಬೇಕಾದರೆ ಬಟ್ಟೆಯ ಗಂಟುಗಳನ್ನಿಡುವ ಉಗ್ರಾಣಕ್ಕೆ ಹೋಗಬೇಕು. ಬಾಗಿಲಿಗೆ ಚಿಲಕವಿಲ್ಲ. ಹಾಲೆಳೆಯುವ ಪಂಪು ಇರುವುದೊಂದೇ, ಅದಕ್ಕೂ ಸರದಿ. ಬೆಳಗಿನ ನರ್ಸು, "ಮಗೂನ ಎದೆಗೆ ಒತ್ಕೊಂಡು ಕೂತ್ಕೊಳಮ್ಮ, ಹಾಲು ತಾನಾಗೇ ಬರುತ್ತೆ" ಅನ್ನುತ್ತಾಳೆ. ಸಂಜೆಯವಳು ಬಂದವಳೇ, "ಮುಟ್ಟೋಕೆ ಯಾರು ಹೇಳಿದ್ದು? ಹೊರಗೆ ನಡೀರಿ" ಅನ್ನುತ್ತಾಳೆ. ಸೊಸೆ ಎರಡಕ್ಕೂ ತಲೆಯಾಡಿಸುತ್ತಾಳೆ. ಬಾಟಲಿಯ ತಳ ಒದ್ದೆಯಾಗುವಷ್ಟು ಬಂದರೆ ಅದೇ ಹೆಚ್ಚು. ಮೊನ್ನೆ ಅದನ್ನೂ, ಹೆಸರಿನ ಚೀಟಿ ಅಂಟಿಸಿಲ್ಲವೆಂದು ಮೋರಿಗೆ ಸುರಿದರು. "ಪುಡಿ ಹಾಲು ಕೊಡ್ತೀವಿ ಬಿಡಿ, ಅಜ್ಜಿ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ಸೀದಾ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದೆ.

"ಅಜ್ಜಿ, ನಿಯಮ ಅಂತ ಒಂದಿರುತ್ತೆ" ಅಂದರು.

"ನೀವು ಕೂತ್ಕೊಂಡು ಹೇಳ್ತಿದ್ದೀರಿ ಡಾಕ್ಟ್ರೇ. ಹೊಟ್ಟೆಗೆ ಹೊಲಿಗೆ ಹಾಕಿಸ್ಕೊಂಡ ಹೆಂಗಸು ನಿಂತ್ಕೊಂಡು ಕೇಳ್ಬೇಕು. ಎದ್ದು ನಿಂತು ಅದೇ ಮಾತು ಹೇಳಿ, ನೋಡೋಣ" ಅಂದೆ.

ಪಾಪ, ನಿಜವಾಗಿಯೂ ಎದ್ದು ನಿಂತರು. ಮರುದಿನ ಗಾಜಿನ ಪೆಟ್ಟಿಗೆಯ ಪಕ್ಕಕ್ಕೇ ಒರಗುಕುರ್ಚಿ ಬಂತು, ಪರದೆ ಬಂತು. ತಾಯಿ ಯಾವಾಗ ಬೇಕಾದರೂ ಬರಬಹುದು, ಜೊತೆಗೆ ಮನೆಯ ಒಬ್ಬ ಹೆಂಗಸು ಇರಬಹುದು ಎಂದಾಯಿತು. ಅಲ್ಲಿನ ಬಾಣಂತಿಯರು ನನಗೆ 'ಹೆಡ್‌ಮಿಸ್ಸು' ಎಂದು ಹೆಸರಿಟ್ಟಿದ್ದಾರೆ.

ಇಷ್ಟೆಲ್ಲ ಆದರೂ ಹಾಲು ಹೆಚ್ಚಲಿಲ್ಲ. ನಾನು ಪಕ್ಕದಿಂದ ಕದಲುವುದಿಲ್ಲ. "ಬೆನ್ನು ನೆಟ್ಟಗೆ ಮಾಡು. ಇನ್ನೂ ಸ್ವಲ್ಪ ಒತ್ತು. ಇಷ್ಟೇನಾ?" ಎಂದು ಪ್ರತಿ ಸಲ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಹೆತ್ತ ತಾಯಿ ಇಲ್ಲದ ಹುಡುಗಿ, ನಾನಲ್ಲದೆ ಇನ್ಯಾರು ಹೇಳಿಕೊಡಬೇಕು?

ನಿನ್ನ ಮಂಡಿನೋವು ಬೇಗ ಇಳಿಯಲಿ, ನಿನ್ನ ಮನೆಯವರೆಲ್ಲ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡುವಂತಾಗಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಮೇಲೆ ಬರೆಯದೆ ಬಿಟ್ಟಿದ್ದನ್ನು ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ. ನಿನ್ನೆ ಬೆಳಗಿನ ನರ್ಸು ನನ್ನನ್ನು ಹೊರಗೆ ಕರೆದಳು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ನೀವು ಪಕ್ಕದಲ್ಲಿದ್ರೆ ಅವ್ರಿಗೆ ಹಾಲು ಇಳಿಯಲ್ವಂತೆ. ಅಳ್ತಾ ಅಳ್ತಾ ಅವ್ರೇ ಹೇಳಿದ್ರು" ಅಂದಳು. ನಾನು ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸು ಬಾಟಲಿ ತಂದು ತೋರಿಸಿದಳು. ಅರ್ಧ ತುಂಬಿತ್ತು. ನೀನು ಬಂದು ಸೊಸೆಯ ಜೊತೆ ಇರು. ಚಿಕ್ಕತ್ತೆ ಎಂದರೆ ಅವಳಿಗೆ ಸಲಿಗೆ. ನಾನು ಕರೆಸಿದೆನೆಂದು ಮಾತ್ರ ಹೇಳಬೇಡ.