ಐದೇ ಎಳೆಯಲ್ಲಿ ಹೋದ ಎಚ್ಚರಿಕೆ

ಕೆಂಪುತೂಬು, ಎಡದಂಡೆ ಕಾಲುವೆ
ಕ್ರಿಸ್ತಶಕ ೨೧೯೧, ಎರಡನೇ ಬೇಸಿಗೆ, ಅಮಾವಾಸ್ಯೆಯ ಮರುದಿನ

ಒಂದೂವರೆ ಶತಮಾನದ ಹಿಂದೆ ಇಮೇಲ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿರುವ ನಮ್ಮ ಹಿರಿಯರಿಗೆ ಖಾಜಾಬನಿಯ ಸಲಾಮು.

ಮೇಲಿನ ದಿನಾಂಕವನ್ನು ನೀವು ನಂಬಲಾರಿರಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ; ನಡುವೆ ಬರುವ ಮಳೆ ಹೆಸರಿಡುವಷ್ಟು ದಿನವೂ ಇರುವುದಿಲ್ಲ. ನನ್ನ ಮಾತುಗಳೂ ನಿಮಗೆ ಒರಟಾಗಿ, ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನೀವು ಕನೆಕ್ಷನ್ ಎನ್ನುವುದನ್ನು ನಾವು ಎಳೆ ಎನ್ನುತ್ತೇವೆ; ಒಂದು ಎಳೆಯಲ್ಲಿ ಒಮ್ಮೆಗೆ ಒಂದೇ ಪತ್ರ ಹೋಗುತ್ತದೆ. ನನ್ನ ಅಜ್ಜಿಯ ಕಾಲದ ಯುದ್ಧದಲ್ಲಿ ಫೋನಿನ ಗೋಪುರಗಳೆಲ್ಲ ಉರುಳಿದವು. ಉಳಿದದ್ದು ನೆಲದಡಿಯ ತಂತಿ, ಅದರಲ್ಲಿ ಓಡುವ ನಿಮ್ಮ ಹಳೆಯ ಇಮೇಲ್. ಕಾಲುವೆಗುಂಟ ಇರುವ ಊರುಗಳಲ್ಲಿ ಮನೆಮನೆಯ ಗೋಡೆಗೂ ಒಂದು ಪೆಟ್ಟಿಗೆ ನೇತಾಡುತ್ತದೆ. ಪತ್ರ ಬಂದರೆ ಅದು ಕೂಗುತ್ತದೆ. ಹೆಂಗಸರು ರೊಟ್ಟಿ ತಟ್ಟುತ್ತಲೇ ಅದರ ಕೂಗಿಗೆ ಕಿವಿಗೊಟ್ಟಿರುತ್ತಾರೆ. ಆ ಪೆಟ್ಟಿಗೆಗಳನ್ನೆಲ್ಲ ನಡೆಸುವುದು ಸಮುದ್ರದಾಚೆಯ ಒಂದೇ ಕಂಪನಿ. ಅದಕ್ಕೆ ನಾವು ಹಿರೇಮನೆ ಎನ್ನುತ್ತೇವೆ. ಪಕ್ಕದ ಊರಿಗೆ ಹೋಗುವ ಪತ್ರವೂ ಹಿರೇಮನೆಯ ಬಾಗಿಲನ್ನು ಹಾದೇ ಹೋಗಬೇಕು.

ನಮ್ಮೂರಿನಿಂದ ಪತ್ರ ಹೊರಡುವ ಜಾಗಕ್ಕೆ ಅಂಚೆಕಟ್ಟೆ ಎಂದು ಹೆಸರು. ಹುಲಿಗೆಮ್ಮ ಅದರ ಮುಖ್ಯಸ್ಥೆ, ನಾನು ಅವಳ ಕೈಕೆಳಗಿನವಳು. ಅಣೆಕಟ್ಟಿನ ಎಂಜಿನಿಯರುಗಳ ಶಾಲೆಯಲ್ಲಿ ಓದಿ ಬಂದ ಎತ್ತರದ ಹೆಂಗಸು ಅವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ಹೊತ್ತಿಗೆ ಇಪ್ಪತ್ತಕ್ಕಿಂತ ಹೆಚ್ಚು ಎಳೆ ಹಿಡಿಯಲು ಅವಳು ಯಾರಿಗೂ ಬಿಡುತ್ತಿರಲಿಲ್ಲ. ಹೆಚ್ಚು ಹಿಡಿದರೆ ಹಿರೇಮನೆ ಮೊದಲು ‘ಆಮೇಲೆ ಬನ್ನಿ’ ಎನ್ನುತ್ತದೆ. ಹಾಗೆಂದ ಮೇಲೂ ತಟ್ಟುತ್ತಲೇ ಇದ್ದರೆ, ಇವರು ನೀವು ಸ್ಪ್ಯಾಮ್ ಎನ್ನುವ ಕಳ್ಳಪತ್ರ ಹಂಚುವವರೆಂದು ತಿಳಿದು ಬಾಗಿಲನ್ನೇ ಹಾಕಿಬಿಡುತ್ತದೆ. ವರ್ಷಗಟ್ಟಲೆ ಗಳಿಸಿದ ಒಳ್ಳೆಯ ಹೆಸರು ಹೋಗಲು ಒಂದು ಗಳಿಗೆ ಸಾಕು.

ಹೋದ ವರ್ಷ ಪಂಪುದಂಡು ಬಂತು. ನೀರಿನ ವ್ಯಾಪಾರಿಗಳು ಸಾಕಿಕೊಂಡಿದ್ದ ಕೊಲೆಗಡುಕರ ಗುಂಪು ಅದು. ಕಾಲುವೆ ಬಿಟ್ಟುಕೊಡದ ಊರನ್ನು ಸುಟ್ಟು, ಜನರ ಕೈಕಟ್ಟಿ ನೀರಿಗೆ ನೂಕುತ್ತಿತ್ತು. ಹೆಣಗಳು ನಮ್ಮ ತೂಬಿಗೆ ಬಂದು ಸಿಕ್ಕಿಕೊಳ್ಳುತ್ತಿದ್ದವು. ಗಂಡಸರು ಗಳುವಿನಿಂದ ಬಿಡಿಸಿ ದಡಕ್ಕೆಳೆಯುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಬೇಹಿನವನು ಕಿವಿ ಕತ್ತರಿಸಿಕೊಂಡು, ಭುಜದ ತುಂಬ ರಕ್ತವಾಗಿ ಅಂಚೆಕಟ್ಟೆಗೆ ನುಗ್ಗಿದ.

“ದಂಡು ಹೊಂಟೈತ್ರೀ! ಟ್ರಕ್ಕಿನ್ಯಾಗ ಬರಾಕತ್ತಾರ. ಹೊತ್ತು ಮುಣುಗೂದ್ರಾಗ ಬಂಡ್ರಾಳ ಮುಟ್ತಾರ” ಎಂದು ಹೇಳಿ ಅಲ್ಲೇ ಕುಸಿದ.

ನಮ್ಮ ಕೆಂಪುತೂಬಿಗೆ ಕಲ್ಲುಗೋಡೆಯಿತ್ತು, ಸುತ್ತಲಿನ ಊರುಗಳಿಗೆ ಇರಲಿಲ್ಲ. ‘ಮನೆ ಬಿಡಿ, ಗುಡ್ಡ ಹತ್ತಿ’ ಎಂಬ ಪತ್ರವನ್ನು ಹುಲಿಗೆಮ್ಮ ತಾನೇ ಬರೆದಳು. ದಂಡಿನ ದಾರಿಯಲ್ಲಿ ಮೊದಲು ಸಿಗುವ ಬಂಡ್ರಾಳಕ್ಕೆ ಮೊದಲು, ಹಾಗೇ ಮುಂದಕ್ಕೆ, ಇಪ್ಪತ್ತು ಎಳೆಗಳಲ್ಲಿ ಕಳಿಸತೊಡಗಿದಳು. ಬಂಡ್ರಾಳದ ಮೊದಲ ಓಣಿಗಳಿಗೆ ಪತ್ರ ಹೋಗುತ್ತಿದ್ದಾಗ ಕಾವಲುಪಡೆಯ ನಾಯಕ ಯಮನೂರಪ್ಪ ಬಂದೂಕು ಹಿಡಿದು ಬಂದ. ಅವನ ಮಗಳು ಈರಮ್ಮನನ್ನು ಕೊನೆಯ ಊರಾದ ಜಾಲಿಗುಡ್ಡಕ್ಕೆ ಕೊಟ್ಟಿತ್ತು.

“ನನ್ ಮಗಳೂರಿಗೆ ಹೋತೇನು?”

“ಇಲ್ಲಣ್ಣಾ, ಪಾಳೆ ಬರ್ತೈತಿ. ದಂಡು ಮೊದ್ಲು ಮುಟ್ಟೂ ಊರು ಮೊದ್ಲು” ಎಂದಳು ಹುಲಿಗೆಮ್ಮ.

“ಇದ್ದಷ್ಟೂ ಎಳಿ ಬಿಡು. ಎಲ್ಲಾ ಒಮ್ಮಿಗೇ ಹೋಗ್ಲಿ.”

“ಬಿಟ್ರ ಬಾಗಲಾ ಹಾಕ್ತಾರ. ಆಮ್ಯಾಕ ಯಾರಿಗೂ ಮುಟ್ಟಂಗಿಲ್ಲ. ನಿನ್ ಮಗಳಿಗೂ ಮುಟ್ಟಂಗಿಲ್ಲ.”

ಅವನು ಬಂದೂಕಿನ ಹಿಂಬದಿಯಿಂದ ಅವಳ ಬಲಗೈಯನ್ನು ಮೇಜಿನ ಮೇಲೆಯೇ ಜಜ್ಜಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಅಡ್ಡ ಹೋದಾಗ ನನ್ನ ಎದೆಗೆ ಒದ್ದ. ಅವನ ಜೊತೆಯ ಕಾವಲುಗಾರನೊಬ್ಬನಿಗೆ ಯಂತ್ರ ಗೊತ್ತಿತ್ತು. ಅವನು ಎಳೆಗಳ ಮಿತಿಯನ್ನೇ ಕಿತ್ತುಹಾಕಿದ. ಪತ್ರಗಳು ಪ್ರವಾಹದಂತೆ ಹೊರಟವು. ಯಮನೂರಪ್ಪ ನಗುತ್ತಾ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಪರದೆಯ ತುಂಬ ‘ಆಮೇಲೆ ಬನ್ನಿ’ ಎಂಬ ಉತ್ತರ ಸಾಲುಗಟ್ಟಿತು. ಕಾವಲುಗಾರ ಬಿಡದೆ ಮತ್ತೆ ಮತ್ತೆ ತಟ್ಟಿದ. ಹಿರೇಮನೆ ಬಾಗಿಲು ಹಾಕಿತು. ಬಂಡ್ರಾಳದ ಅರ್ಧ ಊರಿನ, ಅದರಾಚೆಯ ಎಲ್ಲ ಊರುಗಳ ಪತ್ರಗಳು ನಮ್ಮ ಕೈಯಲ್ಲೇ ಉಳಿದವು.

ಯಮನೂರಪ್ಪ ಕಾವಲುಗಾರನ ಹಲ್ಲುದುರುವಂತೆ ಹೊಡೆದ. ಆಮೇಲೆ ಅವನನ್ನೂ ಎಳೆದುಕೊಂಡು ಹೊರಗೋಡಿ, ಕೂಡಿದ್ದ ಜನರಿಗೆ, “ಆಕಿ ದಂಡಿಗೆ ಮಾರ್ಕೊಂಡಾಳ! ಬೇಕಂತ ತಡಾ ಮಾಡ್ಯಾಳ!” ಎಂದು ಕೂಗಿದ.

“ಅಗಳಿ ಹಾಕು, ಬನಿ” ಎಂದಳು ಹುಲಿಗೆಮ್ಮ. ಅವಳ ಮುಖ ಸುಣ್ಣದಂತಾಗಿತ್ತು. “ಉಪ್ಪಿನ ಸಂಘದ ವಿಳಾಸ ಐತಲ್ಲ, ಅದ್ರಾಗ ಕಳ್ಸು. ಐದ ಎಳಿ, ಹೆಚ್ಚಿಗಿ ಬ್ಯಾಡ. ಓಣಿಗೊಂದು ಮನಿಗೆ ಹಾಕು, ಅವ್ರು ಕೂಗಿ ಮಂದೀಗೆ ಹೇಳ್ತಾರ.”

ಉಪ್ಪು ಮಾರುವ ಹೆಂಗಸರ ಸಂಘ ದಿನವೂ ಒಂದಿಷ್ಟು ದರದ ಪತ್ರಗಳನ್ನು ಬೇರೆ ವಿಳಾಸದಿಂದ ಕಳಿಸುತ್ತಿತ್ತು. ಪಡೆದವರು ತಪ್ಪದೆ ಓದುತ್ತಿದ್ದುದರಿಂದ ಹಿರೇಮನೆಗೆ ಅದರ ಮೇಲೆ ನಂಬಿಕೆಯಿತ್ತು. ಆದರೆ ಪುಟ್ಟ ವಿಳಾಸ. ಐದು ಎಳೆಗಿಂತ ಹೆಚ್ಚನ್ನು ಹಿರೇಮನೆ ಅದರಿಂದ ತಾಳುತ್ತಿರಲಿಲ್ಲ.

ನಾನು ಐದೈದಾಗಿ ಕಳಿಸತೊಡಗಿದೆ. ಹೊರಗಿನಿಂದ ಕಲ್ಲುಗಳು ಬಂದವು. ಕಿಟಕಿ ಒಡೆದು ಒಂದು ಕಲ್ಲು ನನ್ನ ಹಣೆ ಸೀಳಿತು. ಕೀಲಿಮಣೆಯ ಮೇಲೆ ರಕ್ತ ತೊಟ್ಟಿಕ್ಕಿತು. ಸೆರಗಿನಿಂದ ಒರೆಸುತ್ತಾ ಒತ್ತಿದೆ. ಬಾಗಿಲಿಗೆ ಕೊಡಲಿ ಬೀಳುತ್ತಿತ್ತು. ಹುಲಿಗೆಮ್ಮ ಎಡಗೈಯಲ್ಲಿ ತೂಬಿನ ಹಾರೆ ಹಿಡಿದು ನನಗೂ ಬಾಗಿಲಿಗೂ ನಡುವೆ ನಿಂತಳು. ಹಲಗೆ ಸೀಳಿ ಯಮನೂರಪ್ಪ ಒಳಗೆ ಬಂದ.

“ನಿಂದ್ರಣ್ಣಾ! ಜಾಲಿಗುಡ್ಡ ಒಂದ ಉಳದೈತಿ. ಈಗ ಯಂತ್ರಕ್ಕ ಕೈ ಹಚ್ಚಿದ್ರ ಅದೂ ತಪ್ಪಿ ಹೊಕ್ಕೈತಿ!” ಎಂದು ಹುಲಿಗೆಮ್ಮ ಕೂಗಿದಳು.

ಅವನು ಗುಂಡು ಹಾರಿಸಿದ. ಅದು ಅವಳ ಹೊಟ್ಟೆಗೆ ಬಿತ್ತು. ಅವಳು ಹಾರೆಯನ್ನು ಪೂರ್ತಿ ಬೀಸಿ ಅವನ ಕಪಾಲಕ್ಕೆ ಹೊಡೆದಳು. ಅವನು ಮತ್ತೆ ಏಳಲಿಲ್ಲ.

“ಅಕ್ಕಾ, ಜಾಲಿಗುಡ್ಡ ಮುಟ್ಟೇತಿ! ಎಲ್ಲಾರ್ಗೂ ಹೋತು!” ಎಂದು ನಾನು ಚೀರಿದೆ. ಜನರಿಗೆ ಅದು ಕೇಳಲಿಲ್ಲ, ಅಥವಾ ಬೇಕಾಗಿರಲಿಲ್ಲ. ಕೂದಲು ಹಿಡಿದು ಅವಳನ್ನು ಎಳೆದೊಯ್ದರು. ಕಾಲುವೆಯ ಮೆಟ್ಟಿಲ ಮೇಲೆ, ಇನ್ನೂ ಬೆಳಕಿರುವಾಗಲೇ, ಕಲ್ಲಿನಿಂದ ಜಜ್ಜಿ ಕೊಂದರು. ಹಿಂದಿನ ದಿನ ಅವಳ ಮನೆಯಲ್ಲಿ ಅಂಬಲಿ ಕುಡಿದ ಹೆಂಗಸರೂ ಆ ಗುಂಪಿನಲ್ಲಿದ್ದರು.

ಬಂಡ್ರಾಳದ ಉಳಿದರ್ಧವಾದ ಕೆಳಗೇರಿಗೆ ಪತ್ರ ಮುಟ್ಟುವಾಗ ಟ್ರಕ್ಕುಗಳು ಓಣಿಯೊಳಗೇ ಇದ್ದವು. ಅಲ್ಲಿ ಯಾರೂ ಉಳಿಯಲಿಲ್ಲ. ಉಳಿದ ಊರುಗಳವರು ಗುಡ್ಡ ಹತ್ತಿದ್ದರು. ದಂಡು ಖಾಲಿ ಮನೆಗಳನ್ನು ಸುಟ್ಟು ಹಿಂದಿರುಗಿತು. ಬೆಳಗಾದ ಮೇಲೆ ಅವರೆಲ್ಲ ನಮ್ಮ ಗೋಡೆಯ ಬಳಿಗೆ ಬಂದರು. ಈರಮ್ಮ ಕಂಕುಳಲ್ಲಿ ಕೂಸು ಹೊತ್ತು ಬಂದಳು. ಅವಳ ತಂದೆಯ ಹೆಣವನ್ನು ಹೂ ಹಾಕಿ ಕಟ್ಟೆಯ ಮೇಲೆ ಮಲಗಿಸಿದ್ದರು. ಹುಲಿಗೆಮ್ಮ ಮೆಟ್ಟಿಲ ಮೇಲೆ ಬಿದ್ದಲ್ಲೇ ಬಿದ್ದಿದ್ದಳು, ನೊಣ ಮುತ್ತಿಕೊಂಡು.

“ನಮಗ ಪತ್ರ ಕಳ್ಸಿದವ್ರು ಯಾರು?” ಎಂದು ಈರಮ್ಮ ನನ್ನನ್ನು ಕೇಳಿದಳು.

ನಾನು ನಡೆದದ್ದನ್ನೆಲ್ಲ ಹೇಳಿದೆ, ಹಾರೆಯ ಏಟನ್ನೂ ಮುಚ್ಚಿಡಲಿಲ್ಲ. ಅವಳು ತಂದೆಯ ಮುಖ ನೋಡಿದಳು. ಕೂಸನ್ನು ನನ್ನ ಕೈಗೆ ಕೊಟ್ಟಳು. ಮೆಟ್ಟಿಲಿಳಿದು, ಊರೆಲ್ಲ ನೋಡುತ್ತಿರುವಂತೆ, ಹುಲಿಗೆಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರೆರೆದು ತೊಳೆದಳು. ತಂದೆಯನ್ನು ಆಮೇಲೆ ಮುಟ್ಟಿದಳು.

ಹಿರಿಯರೇ, ನಿಮ್ಮ ಕಾಲದಲ್ಲೂ ಹಿರೇಮನೆಗಳಿವೆ ಎಂದು ಬಲ್ಲೆ. ಕಳ್ಳರನ್ನು ತಡೆಯಲು ಮಿತಿ ಬೇಕು, ಅದನ್ನು ನಾನು ತೆಗೆಯಿರಿ ಎನ್ನುವುದಿಲ್ಲ. ಆದರೆ ಎಂದೂ ಜೋರಾಗಿ ತಟ್ಟದ ಮನೆಯೊಂದು ಒಂದು ದಿನ ಬಾಗಿಲೊಡೆಯುವಂತೆ ತಟ್ಟಿದರೆ, ಹಾಕುವ ಮುನ್ನ ಮನುಷ್ಯರೊಬ್ಬರು ಕಿಂಡಿಯಿಂದ ಇಣುಕಲಿ. ನೀವು ಕಳಿಸುವವರಾದರೆ, ಎಳೆ ಎಷ್ಟೆಂಬುದನ್ನು ಬಂದೂಕು ಹಿಡಿದವನ ಕೈಗೆ ಕೊಡಬೇಡಿ. ಬಂಡ್ರಾಳದ ಕೆಳಗೇರಿಯವರ ಪರವಾಗಿ ಇಷ್ಟನ್ನು ಬೇಡುತ್ತೇನೆ; ಅವರ ಪರವಾಗಿ ಬೇಡಲು ಅಲ್ಲಿ ಬೇರೆ ಯಾರೂ ಇಲ್ಲ.

ನಿಮಗೆ ಒಳ್ಳೆಯ ನೀರು ಸಿಗಲಿ. ಹೋಗಿಬರುತ್ತೇನೆ.

ಖಾಜಾಬನಿ