ಗೂಟದಲ್ಲಿದ್ದ ಕೋಟು

ಅಕ್ಕನ ಮನೆಗೆ ಹೋಗಿ ಮುಖ ಊದಿಸಿಕೊಂಡು ಕೂತಿರುವ ನಮ್ಮ ಯಜಮಾನರಿಗೆ,

ಆರು ವರ್ಷ ಯುದ್ಧದಲ್ಲಿದ್ದು ಬಂದವರು ಮನೆಯಲ್ಲಿ ಒಂದು ರಾತ್ರಿಯೂ ನಿಲ್ಲಲಿಲ್ಲ. ಬಾಗಿಲ ಬಳಿ ಗೂಟದಲ್ಲಿ ಗಂಡಸಿನ ಕೋಟು ಕಂಡು "ಯಾರದಿದು?" ಅಂದಿರಿ. "ನಿಮ್ಮದೇ" ಅಂದೆ. ತೊಟ್ಟು ನೋಡಿದಿರಿ, ಭುಜ ಜೋತುಬಿತ್ತು. "ಇದು ನನ್ನ ಮೈಗೆ ಹೊಲಿದದ್ದಲ್ಲ" ಅಂತ ಬಿಸಾಕಿ ಹೊರಟೇಬಿಟ್ಟಿರಿ.

ಒಂಟಿ ಹೆಂಗಸಿನ ಮನೆ ಅಂತ ಗೊತ್ತಾದರೆ ಕದ ತಟ್ಟುವವರಿಗೇನು ಬರವೇ? ಈ ಬೀದಿಯ ಹೆಂಗಸರೆಲ್ಲ ಗಂಡಂದಿರ ಕೋಟನ್ನು ಆಗಾಗ ಒಗೆದು ಹೊರಗೆ ಒಣಹಾಕಿ, ಮತ್ತೆ ಬಾಗಿಲಲ್ಲಿ ನಿಂತವರಿಗೆ ಕಾಣುವಂತೆ ನೇತುಹಾಕುತ್ತಿದ್ದೆವು. ಇದನ್ನು ಹೊಲಿದವಳೇ ನಾನು. ಎಷ್ಟು ಒಗೆದರೂ ಹೋಗದ ನಿಮ್ಮ ಅಚ್ಚುಕೂಟದ ಮಸಿ ಒಳಜೇಬಿನಲ್ಲಿದೆ, ಅದನ್ನಾದರೂ ನೋಡಬೇಕಿತ್ತು.

ಅನುಮಾನ ನಿಮಗೊಬ್ಬರಿಗೇ ಬರುತ್ತದೆ ಅಂದುಕೊಳ್ಳಬೇಡಿ. ಕದ ಓರೆಮಾಡಿ ನೋಡಿದಾಗ ನಾನೂ ನಿಮ್ಮನ್ನು ಯಾರೋ ಅಂದುಕೊಂಡು ಚಿಲಕ ಬಿಗಿಹಿಡಿದಿದ್ದೆ. ನಿಮ್ಮ ಕೆಮ್ಮು ಕೇಳಿದ ಮೇಲೇ ಬಿಟ್ಟದ್ದು.

ಕೋಟು ದೊಡ್ಡದಾಗಿಲ್ಲ. ಅಕ್ಕನ ಮನೆಯ ಕನ್ನಡಿಯಲ್ಲಿ ಒಮ್ಮೆ ನಿಮ್ಮನ್ನು ನೋಡಿಕೊಳ್ಳಿ. ಆಮೇಲೆ ಬನ್ನಿ, ಅಳತೆ ತೆಗೆದುಕೊಳ್ಳಬೇಕು. ಬಟ್ಟೆ ಕತ್ತರಿಸುವುದಿಲ್ಲ, ಒಳಗೆ ಮಡಚಿ ಹೊಲಿಯುತ್ತೇನೆ. ನೀವು ಮತ್ತೆ ಮೈ ತುಂಬಿಕೊಂಡಾಗ ಹೊಲಿಗೆ ಬಿಚ್ಚಬೇಕಲ್ಲ.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ ನಿಮ್ಮ ಹೆಂಡತಿ